ನೆರಳು ದಕ್ಷಿಣಕ್ಕೆ ಬಿದ್ದ ವರ್ಷ

ಹೊಸದಾಗಿ ಸ್ಕೂಲಿಗೆ ಟೀಚರಾಗಿ ಸೇರಿದ ಹುಡುಗಿಯರು ಆಗಾಗ ಸರಸ್ವತಿ ನಗರದ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ಮಿಸ್, ನಿಮ್ಮ ಕಾಲದಲ್ಲಿ ಲ್ಯಾಬ್ ಇಲ್ಲದೆ ಸೈನ್ಸ್ ಹೇಗೆ ಕಲಿಸ್ತಿದ್ರಿ?" ಎಂದು ಕೇಳುತ್ತಾರೆ. ಒಂದು ಲಾಟೀನು, ಒಂದು ಕೋಲು, ಒಂದು ಅಂಗಳ ಇದ್ದರೆ ಸಾಕಿತ್ತಮ್ಮ ಎಂದರೆ ನಂಬುವುದಿಲ್ಲ. ನಾನು ಯಾವಾಗ ಅಸಿಸ್ಟೆಂಟ್ ಆದೆ, ಯಾವಾಗ ಹೆಡ್‌ಮಿಸ್ಟ್ರೆಸ್ ಆದೆ ಎಂಬುದೆಲ್ಲ ಸರ್ವೀಸ್ ರಿಜಿಸ್ಟರಿನಲ್ಲಿ ಕಪ್ಪು ಇಂಕಿನಲ್ಲಿದೆ. ಅದು ಯಾರಿಗೂ ಬೇಡ. ಅದೇ ರಿಜಿಸ್ಟರಿನಲ್ಲಿ ಕೆಂಪು ಇಂಕಿನ ಒಂದು ಸಾಲೂ ಇದೆ. ಮೊದಲ ನೌಕರಿಯ ಮೂರನೇ ವರ್ಷದಲ್ಲಿ, ಒಂದು ಹುಡುಗಿಯ ಓದು ನನ್ನ ಕೈಯಿಂದಲೇ ನಿಂತುಹೋಗುವುದರಲ್ಲಿದ್ದಾಗ ಬಿದ್ದ ಸಾಲು ಅದು. ನೀವು ಕೇಳುವುದಾದರೆ ಅದನ್ನೇ ಹೇಳುತ್ತೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಆರನೇ ವಯಸ್ಸಿನಿಂದ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ಸಿಸ್ಟರ್‌ಗಳು ನಮಗೆ ಬೆನ್ನು ನೆಟ್ಟಗೆ ಇಟ್ಟು ಕೂರುವುದನ್ನು, ಚಮಚದ ಸದ್ದಾಗದಂತೆ ಸೂಪ್ ಕುಡಿಯುವುದನ್ನು ಕಲಿಸಿದ್ದರು. ಸೈನ್ಸನ್ನೂ ಚೆನ್ನಾಗಿಯೇ ಕಲಿಸಿದರು. ಆದರೆ ಎಲ್ಲವನ್ನೂ ಕಿಟಕಿಯ ಒಳಗೆ ಕೂರಿಸಿಯೇ. ಅಲ್ಲಿಂದ ದಾವಣಗೆರೆಯ ಮಂಡಿಪೇಟೆ ಪಕ್ಕದ ಹುಡುಗಿಯರ ಮಿಡ್ಲ್ ಸ್ಕೂಲಿಗೆ ಬಂದು ಬಿದ್ದೆ. ಒಂದು ಕಡೆ ಬೆಲ್ಲದ ವಾಸನೆ, ಇನ್ನೊಂದು ಕಡೆ ಮೆಣಸಿನಕಾಯಿ ಘಾಟು. ಪಾಠದ ನಡುವೆ ನಾನು ಸೀನಿದರೆ ನಲವತ್ತು ಹುಡುಗಿಯರೂ ಸೀನುತ್ತಿದ್ದರು.

ಬೆಳಕಿನ ಪಾಠ ನನ್ನ ಫೇವರಿಟ್. ನಮ್ಮ ಕ್ಲಾಸ್‌ರೂಮಿನ ಹೆಂಚಿನಲ್ಲಿ ಒಂದು ತೂತಿತ್ತು. ಅದನ್ನು ಮುಚ್ಚಿಸಬೇಡಿ ಎಂದು ಹೆಡ್‌ಮಿಸ್ಟ್ರೆಸ್ ಶಾಂತಾಬಾಯಿಯವರಿಗೆ ನಾನೇ ಹೇಳಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಅದರಿಂದ ಒಂದು ಬಿಸಿಲಕೋಲು ಇಳಿಯುತ್ತಿತ್ತು. ಡಸ್ಟರ್ ತಟ್ಟಿದರೆ ಸೀಮೆಸುಣ್ಣದ ಪುಡಿ ಅದರೊಳಗೆ ಮಿನುಗಿ, ಬೆಳಕು ನೆಟ್ಟಗೆ ಬರುತ್ತದೆ, ಡೊಂಕು ಹೋಗುವುದಿಲ್ಲ ಎಂಬುದು ಕಣ್ಣಿಗೇ ಕಾಣುತ್ತಿತ್ತು. "ಬೆಳಕು ನೆಟ್ಟಗೆ ಹೋಗುವ ಹಟಮಾರಿ. ದಾರಿಗೆ ಅಡ್ಡ ನಿಂತರೆ ಸುತ್ತಿಕೊಂಡು ಬರಲ್ಲ. ಅದು ಬರದೆ ಉಳಿದ ಜಾಗವೇ ನೆರಳು" ಎನ್ನುತ್ತಿದ್ದೆ. ಆಮೇಲೆ ಲಾಟೀನು ಹಚ್ಚಿ, ಗೋಡೆಯ ಹತ್ತಿರ ಕೈ ಹಿಡಿಸುತ್ತಿದ್ದೆ. ನೆರಳಿನ ಅಂಚು ಚೂಪು. ಕೈಯನ್ನು ದೀಪದ ಕಡೆ ತಂದರೆ ನೆರಳು ದೊಡ್ಡದಾಗಿ ಅಂಚು ಮಸುಕಾಗುತ್ತದೆ. ಯಾಕೆ? ದೀಪ ಒಂದು ಚುಕ್ಕಿಯಲ್ಲ, ಅಗಲವಾದ ಬತ್ತಿ. ಅಂಚಿನ ಹತ್ತಿರ ಅರ್ಧ ಬತ್ತಿ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಅದಕ್ಕೇ ಅಲ್ಲಿ ಅರ್ಧ ನೆರಳು. ಇಷ್ಟನ್ನು ನೋಟ್ಸ್ ಬರೆಸಿದರೆ ಎರಡು ಪುಟ, ಕೈಯಿಂದ ಮಾಡಿಸಿದರೆ ಎರಡು ನಿಮಿಷ.

ಎಡವಟ್ಟುಗಳೂ ಆದವು. ಒಮ್ಮೆ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ತೋರಿಸುವಾಗ ಆ ಬೆಳಕು ಕಿಟಕಿ ದಾಟಿ ರಸ್ತೆಯ ಎತ್ತಿನ ಕಣ್ಣಿಗೆ ಹೊಡೆಯಿತು. ಆವರಗೆರೆಯ ಗಾಡಿ, ತುಂಬ ಹತ್ತಿ. ಎತ್ತು ಬೆದರಿ ಗಾಡಿಯನ್ನು ನಮ್ಮ ಸ್ಕೂಲಿನ ಗೇಟಿಗೇ ತಂದು ನಿಲ್ಲಿಸಿತು. ಗಾಡಿಯವನು ಕಿಟಕಿಯಲ್ಲಿ ತಲೆ ಹಾಕಿ, "ಏನ್ ಟೀಚರಮ್ಮಾರೇ, ಎತ್ತಿಗೂ ಹಾಜರಿ ಹಾಕ್ತೀರೇನ್ರಿ?" ಎಂದ. ಹುಡುಗಿಯರು ಒಂದು ವಾರ ನಕ್ಕರು. ನಾನು ಸಾರಿ ಕೇಳಿದೆ, ಇಂಗ್ಲಿಷಿನಲ್ಲಿ. ಅವನು ಇನ್ನಷ್ಟು ನಕ್ಕ.

ಆದರೆ ನಾನು ಹೇಳಲು ಹೊರಟ ತಪ್ಪು ನಗುವಂಥದ್ದಲ್ಲ.

ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಿತ್ತು: ಮಧ್ಯಾಹ್ನ ನೆಟ್ಟ ಕೋಲಿನ ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿದ ಇಂಗ್ಲಿಷ್ ಪುಸ್ತಕದಲ್ಲೂ ಅದೇ ಇತ್ತು. ಪ್ರತಿ ಡಿಸೆಂಬರಿನಲ್ಲಿ ಒಂದು ದಿನ ಮಕ್ಕಳನ್ನು ಹನ್ನೆರಡರವರೆಗೆ ನಿಲ್ಲಿಸಿಕೊಂಡು, ಅಂಗಳದಲ್ಲಿ ಗಜದ ಕೋಲು ನೆಟ್ಟು ತೋರಿಸುತ್ತಿದ್ದೆ. ಉದ್ದನೆಯ ನೆರಳು ಉತ್ತರಕ್ಕೇ ಮಲಗಿರುತ್ತಿತ್ತು. ಇನ್ನೇನು ಬೇಕು?

ಏಳನೇ ಕ್ಲಾಸಿನಲ್ಲಿ ಮೆಹರುನ್ನೀಸಾ ಎಂಬ ಹುಡುಗಿ ಇದ್ದಳು. ಎಲ್ಲರೂ ಮೆಹರೂ ಎನ್ನುತ್ತಿದ್ದರು. ಅವಳ ತಾತ ಹುಸೇನ್ ಸಾಬರು ಮಂಡಿಪೇಟೆಯಲ್ಲಿ ತಗಡಿನ ಡಬ್ಬಿ, ಆಲಿಕೆ ಮಾಡಿ, ಲಾಟೀನು ರಿಪೇರಿ ಮಾಡುತ್ತಿದ್ದವರು. ಆ ವರ್ಷ ನಮ್ಮ ಸ್ಕೂಲಿನಿಂದ ಒಬ್ಬ ಹುಡುಗಿಯನ್ನು ಮಾತ್ರ ಹೈಸ್ಕೂಲಿನ ಫ್ರೀ ಸೀಟಿಗೆ ಕಳಿಸಬಹುದಿತ್ತು. ಮೆಹರೂಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಸರಕಾರ ಕರೆದರೆ ಓದಲಿ, ಇಲ್ಲದಿದ್ದರೆ ಏಳನೇ ಕ್ಲಾಸಿಗೇ ಸಾಕು, ಮನೆಯಲ್ಲಿರಲಿ. ಇದು ನನಗೆ ಗೊತ್ತಿತ್ತು. ಇಡೀ ಕ್ಲಾಸಿಗೇ ಗೊತ್ತಿತ್ತು.

ಮಾರ್ಚ್ ಪರೀಕ್ಷೆಯಲ್ಲಿ ನಾನು ಕೇಳಿದ ಪ್ರಶ್ನೆ: ಮಧ್ಯಾಹ್ನದ ನೆರಳು ಯಾವ ದಿಕ್ಕಿಗೆ ಬೀಳುತ್ತದೆ? ಎರಡು ಅಂಕ. ಮೆಹರೂ ಬರೆದಿದ್ದಳು: "ಒಂದೇ ದಿಕ್ಕಿಗೆ ಬೀಳುವುದಿಲ್ಲ. ಹೆಚ್ಚು ದಿನ ಉತ್ತರಕ್ಕೆ. ಭರಣಿ ಮಳೆ ಹುಟ್ಟಿದಾಗಿನಿಂದ ಆಶ್ಲೇಷ ಮಳೆ ಮುಗಿಯುವವರೆಗೆ ದಕ್ಷಿಣಕ್ಕೆ. ನಡುವೆ ಎರಡು ಸಲ ಬೀಳುವುದೇ ಇಲ್ಲ." ಸೈನ್ಸ್ ಪೇಪರಿನಲ್ಲಿ ರೈತರ ಮಳೆ ನಕ್ಷತ್ರ! ನಾನು ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ನಾನ್ಸೆನ್ಸ್" ಎಂದು ಚೆಂದದ ಕರ್ಸಿವ್ ಇಂಗ್ಲಿಷಿನಲ್ಲಿ ಬರೆದೆ. ಸೊನ್ನೆ.

ಒಂದೇ ಒಂದು ಅಂಕದಲ್ಲಿ ಅವಳು ಎರಡನೆಯವಳಾದಳು. ಮೊದಲು ಬಂದ ಹುಡುಗಿಯ ಹೆಸರು ಲಿಸ್ಟಿನಲ್ಲಿ ಇನ್ಸ್‌ಪೆಕ್ಟರ್ ಆಫೀಸಿಗೆ ಹೋಯಿತು.

ಪೇಪರ್ ಹಂಚಿದ ದಿನ ಎಲ್ಲರೂ ಹೋದ ಮೇಲೂ ಮೆಹರೂ ನಿಂತಿದ್ದಳು. ಅಳುತ್ತಿರಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು.

"ಮಿಸ್, ನಾ ಸುಳ್ಳು ಬರ್ದಿಲ್ರಿ."

"ಪುಸ್ತಕದಲ್ಲಿ ಏನಿದೆ?"

"ಪುಸ್ತಕದಾಗ ಉತ್ತರ ಐತ್ರಿ. ನಮ್ಮ ಅಂಗಳದಾಗ ಹಂಗಿಲ್ಲ."

"ಅಂಗಳಕ್ಕಿಂತ ಪುಸ್ತಕ ದೊಡ್ಡದು, ಮೆಹರೂ."

"ಹೂಂನ್ರಿ" ಎಂದು ಹೋದಳು. ಆ 'ಹೂಂನ್ರಿ' ಈಗಲೂ ನನ್ನ ಕಿವಿಯಲ್ಲಿದೆ. ಒಪ್ಪಿಕೊಂಡ ದನಿಯಲ್ಲ ಅದು. ದೊಡ್ಡವರನ್ನು ಅವರ ಪಾಡಿಗೆ ಬಿಟ್ಟುಕೊಡುವ ದನಿ.

ಏಪ್ರಿಲ್ ಕೊನೆ, ರಜೆ. ಹುಸೇನ್ ಸಾಬರೇ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಬಂದರು. ಬಿಳಿ ಗಡ್ಡ, ಬೆರಳ ತುದಿಗಳಲ್ಲಿ ಬೆಸುಗೆಯ ಕಪ್ಪು. ಕೂಡ್ರಿ ಎಂದರೂ ಕೂರಲಿಲ್ಲ.

"ನಾ ಜಗಳಕ್ಕ ಬಂದಿಲ್ಲಮ್ಮಾ. ನನ್ನ ಮಗ ಹಟದವ, ಹುಡುಗೀನ ಇನ್ನ ಕಳಸಲ್ಲ ಅಂತಾನೆ. ಅದು ನಮ್ಮ ನಸೀಬು. ಆದ್ರ ಹುಡುಗಿ ಪೇಪರ್ ಕೊಟ್ಟಾಗಿಂದ ಸರಿಯಾಗಿ ಉಣ್ತಿಲ್ಲ. ಸೀಟು ಹೋತು ಅಂತ ಅಲ್ರಿ. ಮಿಸ್ ನನ್ನ ಸುಳ್ಳಿ ಅಂದ್ರು ಅಂತ. ನಾಳೆ ಮಧ್ಯಾಹ್ನ ಒಂದೀಟು ಬಂದು ನೋಡಿ ಹೋಗ್ರಿ. ತಪ್ಪಿದ್ರ ನೀವೇ ಅದರ ಕಿವಿ ಹಿಂಡ್ರಿ."

ಅವಳ ಕಿವಿ ಹಿಂಡುವುದಕ್ಕೇ ಹೋದೆ ಎನ್ನಬೇಕು. ಕೈಗಡಿಯಾರ ಕಟ್ಟಿಕೊಂಡು, ಛತ್ರಿ ಹಿಡಿದು, ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅವರ ಅಂಗಳದಲ್ಲಿ ನಿಂತೆ. ಮನೆಯ ಹಿಂದೆ ಸಗಣಿ ಸಾರಿಸಿದ ಸಣ್ಣ ಅಂಗಳ. ನಡುವೆ ಗಜ ಉದ್ದದ ಕಬ್ಬಿಣದ ಸರಳು, ನೂಲಿಗೆ ಕಲ್ಲು ಕಟ್ಟಿ ನೋಡಿ ನೆಟ್ಟಗೆ ನಿಲ್ಲಿಸಿದ್ದು. ನೆಲದ ಮೇಲೆ ಸುಣ್ಣದ ಗೆರೆಗಳು.

"ಛತ್ರಿ ಮಡಚ್ರಿ ಅಮ್ಮಾ" ಎಂದರು ಸಾಬರು. "ನೆರಳು ನೋಡಾಕ ಬಂದು ನೆರಳಾಗ ನಿಂತ್ರ ಹೆಂಗೆ?"

ಅವರ ಓಣಿಯ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತನ್ನು ಗೊತ್ತುಮಾಡುವವರು ಅವರೇ. ಸೂರ್ಯ ನೆತ್ತಿಯ ಗೆರೆ ದಾಟುವ ಗಳಿಗೆಯಲ್ಲಿ ನಮಾಜು ಮಾಡುವುದಿಲ್ಲವಂತೆ. ದಾಟಿದ ಮೇಲೆಯೇ. ಅದು ತಿಳಿಯುವುದು ನೆರಳಿನಿಂದ. ಅದು ಗಿಡ್ಡವಾಗುತ್ತಾ ಬಂದು ಮತ್ತೆ ಉದ್ದವಾಗಲು ಶುರುವಾಗಬೇಕು. ನಲವತ್ತು ವರ್ಷದಿಂದ ಅವರು ದಿನಾ ಮಧ್ಯಾಹ್ನ ನೆರಳು ನೋಡಿದ್ದರು. ನಾನು ವರ್ಷಕ್ಕೊಂದು ದಿನ, ಡಿಸೆಂಬರಿನಲ್ಲಿ.

ನನ್ನ ಗಡಿಯಾರದಲ್ಲಿ ಹನ್ನೆರಡಾಯಿತು. ಸರಳಿನ ನೆರಳು ಐದು ಬೆರಳಷ್ಟು ಪಶ್ಚಿಮಕ್ಕೆ ಇದ್ದೇ ಇತ್ತು. "ನೋಡಿ, ನೆರಳಿದೆ" ಎಂದೆ, ಸ್ವಲ್ಪ ಖುಷಿಯಿಂದಲೇ.

"ಇದು ಸರಕಾರದ ಹನ್ನೆರಡ್ರೀ" ಎಂದಳು ಮೆಹರೂ, ಮೊದಲ ಸಲ ಬಾಯಿಬಿಟ್ಟು. "ಸೂರ್ಯಂಗೆ ಇನ್ನ ಆಗಿಲ್ಲ."

ಅದೂ ನಿಜ. ದೇಶಕ್ಕೆಲ್ಲ ಗಡಿಯಾರ ಒಂದೇ. ಸೂರ್ಯ ಪೂರ್ವದ ಊರುಗಳ ಮೇಲೆ ಹಾದು ನಮ್ಮ ದಾವಣಗೆರೆಯ ನೆತ್ತಿಗೆ ಬರುವಾಗ ಗಡಿಯಾರ ಮುಂದೆ ಹೋಗಿರುತ್ತದೆ. ಬಿ.ಎಸ್ಸಿ.ಯಲ್ಲಿ ಇದನ್ನು ಓದಿ ಪಾಸಾಗಿದ್ದೆ. ಅಂಗಳದಲ್ಲಿ ನಿಂತಾಗ ನೆನಪಾಗಲಿಲ್ಲ.

ಕಾದೆವು. ಐದು ಬೆರಳು ಮೂರಾಯಿತು, ಒಂದಾಯಿತು. ಹನ್ನೆರಡೂ ಇಪ್ಪತ್ತು ದಾಟಿದ ಮೇಲೆ ಸರಳಿಗೆ ನೆರಳೇ ಇರಲಿಲ್ಲ. ಸಾಬರು ಲಾಟೀನಿನದೊಂದು ತಗಡಿನ ಕೊಳವೆಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರು. ಒಳಗೆ ಇಣುಕಿದರೆ ತಳದ ತುಂಬಾ ಬಿಸಿಲಿನ ದುಂಡು ಬಿಲ್ಲೆ. ಒಂದು ಕಡೆಯೂ ನೆರಳಿನ ಅಂಚಿಲ್ಲ. ನನ್ನ ನೆರಳನ್ನು ಹುಡುಕಿದೆ. ಸೀರೆಯ ಕೆಳಗೆ, ಪಾದಗಳ ಸುತ್ತ ಮುದುಡಿ ಕೂತಿತ್ತು.

ಮೆಹರೂ ಇದ್ದಲ್ಲೇ ಜಿಗಿದಳು. ಅವಳು ಮೇಲೆ ಹೋದಾಗ ಕೆಳಗೆ ನೆಲದ ಮೇಲೆ ಕಪ್ಪು ಮಚ್ಚೆ ಬೇರೆಯಾಗಿ ಕಾಣಿಸಿ, ಇಳಿದಾಗ ಪಾದಕ್ಕೆ ಅಂಟಿಕೊಳ್ಳುತ್ತಿತ್ತು. "ಮಿಸ್, ಜಿಗೀರಿ! ಇವತ್ತು ಜಿಗಿದ್ರ ಮಾತ್ರ ನಿಮ್ಮ ನೆರಳು ನಿಮ್ಮನ್ನ ಬಿಡ್ತೈತಿ!"

ನಾನು ಜಿಗಿಯಲಿಲ್ಲ. ಲೇಡೀಸ್ ಡೋಂಟ್ ಜಂಪ್ ಎಂದು ಬೋರ್ಡಿಂಗಿನಲ್ಲಿ ಹತ್ತು ವರ್ಷ ಕೇಳಿದ್ದೆ. ಮನೆಗೆ ಬಂದು ಊಟ ಮಾಡದೆ ಮಲಗಿದೆ.

ಹತ್ತು ಹನ್ನೆರಡು ದಿನ ಬಿಟ್ಟು ಮತ್ತೆ ಹೋದೆ, ಈ ಸಲ ಛತ್ರಿ ಇಲ್ಲದೆ. ನೆರಳು ಮೂರು ಬೆರಳು. ದಕ್ಷಿಣಕ್ಕೆ.

ವಿಷಯ ಇಷ್ಟೇ. ಆ ಪುಸ್ತಕದ ಸಾಲು ಇಂಗ್ಲೆಂಡಿನದು. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ, ಮಧ್ಯಾಹ್ನವೆಲ್ಲ ದಕ್ಷಿಣದಲ್ಲೇ ಇರುತ್ತಾನೆ, ಹಾಗಾಗಿ ನೆರಳು ಯಾವಾಗಲೂ ಉತ್ತರಕ್ಕೆ. ಯಾರೋ ಅದನ್ನು ಕನ್ನಡಕ್ಕೆ ಇಳಿಸಿದ್ದರು, ನೆರಳನ್ನು ಇಳಿಸಿರಲಿಲ್ಲ. ನಮ್ಮಲ್ಲಿ ಸೂರ್ಯ ಏಪ್ರಿಲ್ ಕೊನೆಯ ಭರಣಿಯ ಹೊತ್ತಿಗೆ ನೆತ್ತಿ ದಾಟಿ ಉತ್ತರಕ್ಕೆ ಹೋಗಿ, ಆಗಸ್ಟ್ ನಡುವೆ ಆಶ್ಲೇಷ ಮುಗಿಯುವಾಗ ಹಿಂದಿರುಗುತ್ತಾನೆ. ಇಷ್ಟು ಜನ ಟೀಚರುಗಳು ಯಾಕೆ ಗಮನಿಸಲಿಲ್ಲ? ಏಪ್ರಿಲ್, ಮೇ ನಮಗೆ ರಜೆ. ಜೂನ್, ಜುಲೈ ಮೋಡ. ಜೊತೆಗೆ ನಮ್ಮ ಸ್ಕೂಲು ಬೆಳಿಗ್ಗೆ ಒಂದು ಹೊತ್ತು, ಮೂರರ ಮೇಲೆ ಇನ್ನೊಂದು ಹೊತ್ತು. ನಡು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿರುತ್ತಿದ್ದೆವು. ನೆರಳು ದಕ್ಷಿಣಕ್ಕೆ ಹೋದಾಗೆಲ್ಲ ಟೀಚರು ಒಳಗಿರುತ್ತಿದ್ದಳು.

ಶಾಂತಾಬಾಯಿಯವರ ಮನೆ ಸ್ಕೂಲಿನ ಕಾಂಪೌಂಡಿನಲ್ಲೇ ಇತ್ತು. ಹಪ್ಪಳ ಒಣಗಿಸುತ್ತಿದ್ದರು. ಎಲ್ಲವನ್ನೂ ಕೇಳಿ, ಕಾಗೆ ಓಡಿಸಿ, "ನಿಂದಿನ್ನೂ ಪ್ರೊಬೇಷನ್ನು, ಗೊತ್ತೈತಾ?" ಎಂದರು.

"ಗೊತ್ತು, ಮೇಡಂ."

"ಲಿಸ್ಟ್ ಹೋಗೇತಿ. ಆ ಇನ್ನೊಂದು ಹುಡುಗಿ ಏನು ಪಾಪ ಮಾಡ್ಯಾಳೆ? ಅದರ ಸೀಟು ಕಿತ್ಕೊಳ್ಳಾಕ ಆಗಲ್ಲ. ನೀ ತಪ್ಪು ಅಂತ ಬರಕೊಟ್ರ ನಿನ್ನ ರಿಜಿಸ್ಟರ್ ಹಾಳು, ಹುಡುಗಿಗೇನೂ ಸಿಗಲ್ಲ. ಸುಮ್ನಿರು. ಮುಂದಿನ ವರ್ಷದಿಂದ ಆ ಪ್ರಶ್ನೆ ಕೇಳಬ್ಯಾಡ."

ಬುದ್ಧಿವಂತಿಕೆಯ ಮಾತೇ. ಎರಡು ದಿನ ನಾನೂ ಅದನ್ನೇ ನಂಬಲು ನೋಡಿದೆ. ಮೂರನೇ ದಿನ ಅರ್ಜಿ ಬರೆದೆ. ಮೌಲ್ಯಮಾಪನದಲ್ಲಿ ನನ್ನಿಂದ ತಪ್ಪಾಗಿದೆ, ವಿದ್ಯಾರ್ಥಿನಿಯ ಉತ್ತರ ಸರಿ, ಅವಳಿಗೆ ಎರಡು ಅಂಕ ಸಲ್ಲಬೇಕು, ಅವಳಿಗೂ ಒಂದು ಸೀಟು ಕೊಡಬೇಕು. "ನಾನ್ಸೆನ್ಸ್" ಎಂದು ಬರೆದದ್ದನ್ನೂ ಸೇರಿಸಿದೆ. ಶಾಂತಾಬಾಯಿಯವರು ಓದಿ, ನಿಟ್ಟುಸಿರು ಬಿಟ್ಟು, ಕೆಳಗೆ ಸೀಲು ಹೊಡೆದರು. "ಅಕ್ಷರ ಮಾತ್ರ ಮುತ್ತು ಪೋಣಿಸಿದಂಗೈತೆ" ಎಂದರು.

ಜೂನಿನಲ್ಲಿ ಸ್ಕೂಲು ತೆರೆದ ವಾರವೇ ಇನ್ಸ್‌ಪೆಕ್ಟರು ಬಂದರು. ಕರಿ ಕೋಟು, ಜರಿ ಪೇಟ, ಮುಗುಳ್ನಗೆ ಎಂಬುದು ಇಲ್ಲ. ನಾನು ಹುಸೇನ್ ಸಾಬರಿಗೆ ಹೇಳಿ ಕಳಿಸಿದ್ದೆ. ಮೊಮ್ಮಗಳನ್ನು ಕರೆದುಕೊಂಡು, ಲಾಟೀನು ಹಿಡಿದು ಬಂದು ಜಗಲಿಯಲ್ಲಿ ಕೂತಿದ್ದರು. ನಾನು ಅಂಗಳದಲ್ಲಿ ಕೋಲು ನೆಟ್ಟಿದ್ದೆ. ಆಕಾಶ ಪೂರ್ತಿ ಬೂದಿ ಬಣ್ಣ. ಹನ್ನೆರಡೂವರೆಯಾದರೂ ಸೂರ್ಯನ ಸುಳಿವಿಲ್ಲ.

"ಪಠ್ಯಪುಸ್ತಕ ತಪ್ಪು ಅಂತೀಯೇನಮ್ಮ?" ಎಂದರು.

"ಬರೆದವರ ಊರಿಗೆ ಸರಿ ಸರ್. ನಮ್ಮ ಊರಿಗೆ ಅಲ್ಲ."

"ಪುರಾವೆ?"

ಆಕಾಶ ನೋಡಿದೆ. ಆಗ ಮೆಹರೂ ತಾತನ ಕೈಯಿಂದ ಲಾಟೀನು ತೆಗೆದುಕೊಂಡು ಮುಂದೆ ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಒಳಗ ಬರ್ರಿ ಸಾರ್. ಕತ್ಲ ಕ್ಲಾಸಾಗ ತೋರಸ್ತೀನಿ."

ಕಿಟಕಿಗಳನ್ನು ಮುಚ್ಚಿದೆವು. ಟೇಬಲ್ಲಿನ ಮೇಲೆ ಒದ್ದೆ ಮಣ್ಣಿನ ಮುದ್ದೆಯಲ್ಲಿ ಬಳಪ ನೆಟ್ಟಳು. ಮೇಲೆ ಹಿಡಿದರೆ ಲಾಟೀನಿನ ತಳವೇ ಬೆಳಕಿಗೆ ಅಡ್ಡ ಬರುತ್ತದೆಂದು ಸಾಬರು ಅದರ ತಗಡಿನ ಮೂತಿ ಬಿಚ್ಚಿ, ನನ್ನ ಚೀಲದಲ್ಲಿದ್ದ ಟಾರ್ಚಿಗೆ ಕಟ್ಟಿಕೊಟ್ಟರು. "ಈ ಬಳಪ ದಾವಣಗೆರೆ. ಈ ಕಡೆ ದಕ್ಷಿಣ. ಡಿಸೆಂಬರ್ದಾಗ ಸೂರ್ಯ ಇಲ್ಲಿರ್ತಾನೆ. ನೆರಳು ಆ ಕಡೆ, ಉತ್ತರಕ್ಕ." ಮೆಲ್ಲಗೆ ಬೆಳಕನ್ನು ಮೇಲಕ್ಕೆ ತಂದಳು. ನೆರಳು ಗಿಡ್ಡವಾಗಿ ಬಳಪದೊಳಗೆ ಸೇರಿಹೋಯಿತು. "ಇದು ಭರಣಿ." ಇನ್ನೊಂದು ಗೇಣು ಆಚೆ ಸರಿಸಿದಳು. ನೆರಳು ನಮ್ಮ ಕಡೆಗೆ ನಾಲಗೆ ಚಾಚಿತು. "ಇದು ಇವತ್ತು ಸಾರ್. ಮೋಡದ ಹಿಂದ."

ಇನ್ಸ್‌ಪೆಕ್ಟರು ಟಾರ್ಚನ್ನು ತಾವೇ ಕೈಗೆ ತೆಗೆದುಕೊಂಡು ಮೂರು ಸಲ ಆಚೆ ಈಚೆ ಆಡಿಸಿದರು. ಪೇಟ ಓರೆಯಾಯಿತು. ಅವರಿಗೆ ಗೊತ್ತಾಗಲಿಲ್ಲ.

"ಎರಡು ಅಂಕ ಕೊಡಿ" ಎಂದರು ಕೊನೆಗೆ. ಆಮೇಲೆ, "ಆದರೆ ಸೀಟು ಒಂದೇ. ಅದು ಹೋಯಿತು." ನನ್ನ ಕಡೆ ತಿರುಗಿ, "ನಿಮ್ಮ ರಿಜಿಸ್ಟರಿನಲ್ಲಿ ಬರೆಯಲೇಬೇಕಾಗುತ್ತೆ. ಟ್ರಾನ್ಸ್‌ಫರೂ ಆಗುತ್ತೆ. ಹರಿಹರ." ಬಾಗಿಲ ಹತ್ತಿರ ನಿಂತು ಪೇಟ ಸರಿಮಾಡಿಕೊಳ್ಳುತ್ತಾ, ಯಾರಿಗೋ ಎಂಬಂತೆ, "ಅಲ್ಲಿ ಹೊಸದಾಗಿ ಎಂಟನೇ ಕ್ಲಾಸು ತೆರೀತಾ ಇದ್ದಾರೆ. ಫೀ ಇಲ್ಲ. ಹುಡುಗಿಯರೇ ಸಿಗ್ತಿಲ್ಲ" ಎಂದರು.

ಅದು ಶಿಕ್ಷೆಯೋ ಉಪಾಯವೋ ನನಗೆ ಇವತ್ತಿಗೂ ತಿಳಿಯದು.

ಮೆಹರೂಳ ಅಪ್ಪ ಒಂದೇ ಮಾತು ಹೇಳಿದ. ಸರಕಾರದ ದೊಡ್ಡ ಸಾಹೇಬರೇ ಕರೆದ ಹಾಗಾಯಿತು, ಸರಿ. ಆದರೆ ರೈಲಿನಲ್ಲಿ ಹುಡುಗಿ ಒಬ್ಬಳೇ ಹೋಗುವ ಹಾಗಿಲ್ಲ. "ನೀವು ದಿನಾ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀರೇನ್ರಿ?" ಎಂದು ಸಾಬರು ಅಳುಕುತ್ತಾ ಕೇಳಿದರು. ಹರಿಹರದಲ್ಲಿ ಮನೆ ನೋಡಿದ್ದೆ, ಅಡ್ವಾನ್ಸೂ ಮಾತಾಡಿದ್ದೆ. ಬೇಡವೆಂದು ಹೇಳಿ ಕಳಿಸಿ ಸೀಸನ್ ಟಿಕೆಟ್ ಮಾಡಿಸಿದೆ. ಮೂರು ವರ್ಷ ಬೆಳಗಿನ ಗಾಡಿಯಲ್ಲಿ ನಾವಿಬ್ಬರೂ ಕಿಟಕಿ ಪಕ್ಕ ಕೂತು ಓಡಾಡಿದೆವು. ನಮ್ಮ ಡಬ್ಬಿಯ ನೆರಳು ಹೊಲಗಳ ಮೇಲೆ ಓಡುತ್ತಾ ಬರುವುದನ್ನು ತೋರಿಸಿ ಅವಳು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. "ಗೊತ್ತಿಲ್ಲ, ನೋಡೋಣ" ಎನ್ನುವುದನ್ನು ಆ ಗಾಡಿಯಲ್ಲೇ ಕಲಿತೆ. ಹೊಸಬರೇ, ಟೀಚಿಂಗಿನಲ್ಲಿ ಅದಕ್ಕಿಂತ ದೊಡ್ಡ ಮೆಥಡ್ ನನಗೆ ಆಮೇಲೂ ಸಿಗಲಿಲ್ಲ. ಮೆಹರೂ ಮುಂದೆ ಹುಡುಗಿಯರಿಗೆ ಫಿಸಿಕ್ಸ್ ಕಲಿಸಿದಳು. ನನಗಿಂತ ಚೆನ್ನಾಗಿ, ಆನೆಸ್ಟ್ಲಿ.

ಹರಿಹರದ ಆ ಮೊದಲ ವರ್ಷವೇ, ಆಶ್ಲೇಷ ಮಳೆ ಮುಗಿಯುವ ದಿನಗಳಲ್ಲಿ, ಹಿಂದಿನ ದಿನದವರೆಗೂ ಮೋಡ. ಆ ದಿನ ಹನ್ನೆರಡರ ಹೊತ್ತಿಗೆ ಹೊಳೆಯ ಕಡೆಯಿಂದ ಗಾಳಿ ಎದ್ದು ಆಕಾಶ ತೊಳೆದ ಹಾಗಾಯಿತು. ಊಟದ ಬೆಲ್ಲು ಹೊಡೆದಿತ್ತು. ನಾನು ಯಾರನ್ನೂ ಮನೆಗೆ ಬಿಡಲಿಲ್ಲ. ಎಂಟನೇ ಕ್ಲಾಸಿನ ಹನ್ನೊಂದು ಹುಡುಗಿಯರು ಅಂಗಳದಲ್ಲಿ ಕೋಲಿನ ಸುತ್ತ ನಿಂತರು. ಹನ್ನೆರಡೂವರೆ ಹೊತ್ತಿಗೆ ನೆರಳು ಕೋಲಿನ ಬುಡಕ್ಕೆ ಸೇರಿತು. ಹುಡುಗಿಯರು ತಂತಮ್ಮ ನೆರಳು ಹುಡುಕತೊಡಗಿದರು. ಒಬ್ಬಳು ನಿಜವಾಗಿಯೂ ಹೆದರಿದಳು.

"ಜಿಗೀರೇ!" ಎಂದು ಮೆಹರೂ ಕೂಗಿದಳು. ಹನ್ನೊಂದು ಜನವೂ ಜಿಗಿದರು. ಹನ್ನೊಂದು ಕಪ್ಪು ಮಚ್ಚೆಗಳು ನೆಲದ ಮೇಲೆ ಬಿಚ್ಚಿಕೊಂಡು ಮತ್ತೆ ಅಂಟಿದವು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಚಪ್ಪಲಿ ಬಿಟ್ಟೆ. ಜಿಗಿದೆ.